ನೆಗಡಿಗೆ ಮನೆಮದ್ದು: ಯಾವುದು ಹಿತ, ಯಾವುದು ಅಹಿತ



"ನೆಗಡಿಯಂಥ ರೋಗವಿಲ್ಲ, ಬುಗಡಿಯಂಥ ಒಡವೆಯಿಲ್ಲ" ಎಂಬ ಗಾದೆಯನ್ನು ನೀವೆಲ್ಲರೂ ಕೇಳಿರುತ್ತೀರಿ. ಮೂಗು ಕಟ್ಟಿ, ತಲೆ ಭಾರವಾಗಿ, ಗಂಟಲು ಕೆರೆದು, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹೊರಳಾಡಿದವರಿಗೆ ಈ ಮಾತು ಸುಮ್ಮನೆ ಹುಟ್ಟಿದ್ದಲ್ಲ ಎಂಬುದು ಗೊತ್ತು. ನೆಗಡಿ ಬಾರದ ಮನೆಯಿಲ್ಲ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ, ಚಿಕ್ಕ ಮಕ್ಕಳಿಗೆ ಆರರಿಂದ ಎಂಟು ಸಲ ನೆಗಡಿ ಬರುವುದು ಸಹಜ. ಇದರಿಂದ ಮಗುವಿಗೆ "ಶಕ್ತಿ ಇಲ್ಲ" ಎಂದು ಹೆದರಬೇಕಾಗಿಲ್ಲ.

ನೆಗಡಿಗೆ ನಮ್ಮ ಅಡುಗೆಮನೆಯಲ್ಲೇ ಹಲವು ಉಪಚಾರಗಳಿವೆ. ಅವು ಸುಲಭ, ಖರ್ಚಿಲ್ಲದವು, ಸರಿಯಾಗಿ ಬಳಸಿದರೆ ಹಿತವಾದವು. ಆದರೆ ಮನೆಮದ್ದು ಎಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಕೆಲವು ಹಸುಗೂಸುಗಳಿಗೆ ಅಪಾಯ ತರುತ್ತವೆ, ಕೆಲವು ಬಿ.ಪಿ., ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಒಗ್ಗುವುದಿಲ್ಲ. ಇನ್ನು ಕೆಲವು ಸಲ ನೆಗಡಿ ಎಂದು ಮನೆಯಲ್ಲೇ ಕಾಯುತ್ತಿರುವಾಗ ಒಳಗೆ ನ್ಯುಮೋನಿಯಾ ಬೆಳೆಯುತ್ತಿರುತ್ತದೆ. ಆದ್ದರಿಂದ ಯಾವುದನ್ನು ಮಾಡಬೇಕು, ಯಾವುದನ್ನು ಮಾಡಬಾರದು, ಯಾವಾಗ ಆಸ್ಪತ್ರೆಗೆ ಬರಬೇಕು ಎಂಬ ಮೂರು ವಿಷಯಗಳನ್ನು ಇಲ್ಲಿ ತಿಳಿಸಲಾಗಿದೆ. ದಯವಿಟ್ಟು ಪೂರ್ತಿ ಓದಿ, ಓದು ಬಾರದವರಿಗೆ ಓದಿ ಹೇಳಿ.

ನೆಗಡಿ ಏಕೆ ಬರುತ್ತದೆ?

ನೆಗಡಿಯು ವೈರಸ್‌ಗಳಿಂದ ಬರುವ ಸೋಂಕು. ನೆಗಡಿ ತರಬಲ್ಲ ವೈರಸ್‌ಗಳು 200ಕ್ಕೂ ಹೆಚ್ಚು. ಅವುಗಳಲ್ಲಿ ರೈನೋವೈರಸ್ ಎಂಬ ಗುಂಪು ಮುಖ್ಯವಾದದ್ದು. ಇದನ್ನು ವಿಜ್ಞಾನಿಗಳು 1950ರ ದಶಕದಲ್ಲಿ ಮೊದಲು ಗುರುತಿಸಿದರು. ಇದರಲ್ಲೇ 150ಕ್ಕೂ ಹೆಚ್ಚು ಬಗೆಗಳಿರುವುದರಿಂದ ಒಂದು ಬಗೆಗೆ ದೇಹ ಪ್ರತಿರೋಧ ಬೆಳೆಸಿಕೊಂಡರೂ ಇನ್ನೊಂದು ಬಗೆಯಿಂದ ಮತ್ತೆ ನೆಗಡಿ ಬರುತ್ತದೆ. ಇದಕ್ಕೆ ಲಸಿಕೆ ಇಲ್ಲದಿರುವುದಕ್ಕೂ ಇದೇ ಮುಖ್ಯ ಕಾರಣ.

ನೆಗಡಿ ಇದ್ದವರು ಸೀನಿದಾಗ, ಕೆಮ್ಮಿದಾಗ ಹಾರುವ ಹನಿಗಳಿಂದ ಸೋಂಕು ಹರಡುತ್ತದೆ. ಮೂಗು ಒರೆಸಿದ ಕೈಯಿಂದ ಬಾಗಿಲ ಚಿಲಕ, ಲೋಟ, ಮೊಬೈಲ್ ಫೋನ್ ಮುಟ್ಟಿದರೆ ವೈರಸ್ ಅಲ್ಲಿ ಅಂಟಿಕೊಳ್ಳುತ್ತದೆ. ಅದನ್ನು ಮುಟ್ಟಿದವರು ತಮ್ಮ ಮೂಗನ್ನೋ ಕಣ್ಣನ್ನೋ ಮುಟ್ಟಿಕೊಂಡರೆ ಸಾಕು, ಒಂದರಿಂದ ಮೂರು ದಿನಗಳಲ್ಲಿ ನೆಗಡಿ ಶುರುವಾಗುತ್ತದೆ.

ಬಾಳೆಹಣ್ಣು ತಿಂದದ್ದರಿಂದ, ಮೊಸರು ಉಂಡದ್ದರಿಂದ, ತಲೆಗೆ ನೀರು ಹಾಕಿಕೊಂಡದ್ದರಿಂದ ನೆಗಡಿ ಬಂತು ಎನ್ನುವುದು ವಾಡಿಕೆ. ವೈರಸ್ ಇಲ್ಲದೆ ಇವುಗಳಿಂದಷ್ಟೇ ನೆಗಡಿ ಬರುವುದಿಲ್ಲ. ಮಳೆಗಾಲ, ಚಳಿಗಾಲಗಳಲ್ಲಿ ನೆಗಡಿ ಹೆಚ್ಚಲು ಒಂದು ಕಾರಣವೆಂದರೆ ಆಗ ನಾವು ಬಾಗಿಲು ಕಿಟಕಿ ಮುಚ್ಚಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂಡುತ್ತೇವೆ. ತಂಪಾದ, ಒಣ ಗಾಳಿಯಲ್ಲಿ ಮೂಗಿನ ಒಳಪೊರೆಯೂ ಒಣಗುತ್ತದೆ. ಮಕ್ಕಳಿಗೆ ನೆಗಡಿಯಾಯಿತೆಂದು ಬಾಳೆಹಣ್ಣು, ಮೊಸರು ಬಿಡಿಸಿ ಬರೀ ಗಂಜಿಯಲ್ಲಿ ಇಡುವುದು ಸರಿಯಲ್ಲ. ಅವರಿಗೆ ಆಗಲೇ ಹೆಚ್ಚಿನ ಪೋಷಣೆ ಬೇಕು.

ನೆಗಡಿಯ ದಾರಿ

ಮೊದಲ ದಿನ ಗಂಟಲು ಕೆರೆತ, ಸೀನು. ಎರಡು ಮೂರನೆಯ ದಿನ ಮೂಗು ಸುರಿಯುವುದು, ತಲೆನೋವು, ಸಣ್ಣ ಜ್ವರ. ನಾಲ್ಕೈದನೆಯ ದಿನ ಸಿಂಬಳ ಗಟ್ಟಿಯಾಗಿ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗುತ್ತದೆ. ಏಳರಿಂದ ಹತ್ತು ದಿನಗಳಲ್ಲಿ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಒಣಕೆಮ್ಮು ಮಾತ್ರ ಇನ್ನೂ ಕೆಲವು ದಿನ ಉಳಿಯಬಹುದು.

ಸಿಂಬಳ ಹಸಿರಾದ ಕೂಡಲೇ "ಆಂಟಿಬಯೋಟಿಕ್ ಬೇಕು" ಎಂದು ತಿಳಿಯಬೇಡಿ. ದೇಹದ ಬಿಳಿ ರಕ್ತಕಣಗಳು ಸೋಂಕಿನೊಡನೆ ಹೋರಾಡುವಾಗಲೂ ಸಿಂಬಳಕ್ಕೆ ಆ ಬಣ್ಣ ಬರುತ್ತದೆ. ಆಂಟಿಬಯೋಟಿಕ್ ಮಾತ್ರೆಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ, ವೈರಸ್‌ಗಳನ್ನಲ್ಲ. ನೆಗಡಿಯಲ್ಲಿ ಅವುಗಳಿಂದ ಉಪಯೋಗವಿಲ್ಲ. ಬೇಡದಿದ್ದಾಗ ನುಂಗುತ್ತಾ ಹೋದರೆ, ನಿಜವಾಗಿ ಬೇಕಾದ ದಿನ ಆ ಔಷಧಿ ಕೆಲಸ ಮಾಡದೇ ಹೋಗಬಹುದು.

"ಔಷಧಿ ತೆಗೆದುಕೊಂಡರೆ ಒಂದು ವಾರ, ತೆಗೆದುಕೊಳ್ಳದಿದ್ದರೆ ಏಳು ದಿನ" ಎಂದು ಜನ ತಮಾಷೆಗೆ ಹೇಳುವುದು ನಿಜವೇ. ಹಾಗಾದರೆ ಮನೆಮದ್ದು ಏಕೆ? ಮನೆಮದ್ದು ವೈರಸ್ಸನ್ನು ಕೊಲ್ಲುವುದಿಲ್ಲ. ಮೂಗು ಬಿಡಿಸುತ್ತದೆ, ಗಂಟಲಿಗೆ ಹಿತ ನೀಡುತ್ತದೆ, ಕೆಮ್ಮು ತಗ್ಗಿಸಿ ನಿದ್ದೆ ತರುತ್ತದೆ. ದೇಹವು ತನ್ನ ಕೆಲಸ ತಾನು ಮಾಡಿಕೊಳ್ಳುವ ತನಕ ನಮ್ಮನ್ನು ನೆಮ್ಮದಿಯಿಂದ ಇಡುತ್ತದೆ. ಅಷ್ಟು ಮಾತ್ರ ಅದರಿಂದ ನಿರೀಕ್ಷಿಸಿ.

ಹಿತವಾದ ಮನೆಮದ್ದುಗಳು

(ಇಲ್ಲಿ ಹೇಳಿದ ಪ್ರಮಾಣಗಳು ದೊಡ್ಡವರಿಗೆ. ಮಕ್ಕಳ ವಿಷಯ ಮುಂದೆ ಬೇರೆಯಾಗಿ ಕೊಡಲಾಗಿದೆ.)

1. ವಿಶ್ರಾಂತಿ ಮತ್ತು ನಿದ್ದೆ: ಇದು ಮೊದಲ ಮದ್ದು. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 164 ಜನ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಸ್ ಹನಿ ಹಾಕಿ ನೋಡಲಾಯಿತು. ರಾತ್ರಿ ಆರು ಗಂಟೆಗಿಂತ ಕಡಿಮೆ ನಿದ್ದೆ ಮಾಡುತ್ತಿದ್ದವರಿಗೆ, ಏಳು ಗಂಟೆಗಿಂತ ಹೆಚ್ಚು ನಿದ್ದೆ ಮಾಡುತ್ತಿದ್ದವರಿಗಿಂತ ನೆಗಡಿ ತಗಲುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ರೋಗಿಯ ಹಾಸಿಗೆಯ ಪಕ್ಕದಲ್ಲಿ ರಾತ್ರಿಯೆಲ್ಲ ಎಚ್ಚರವಿರುವ ಬಂಧುಗಳು ಇದನ್ನು ಗಮನಿಸಬೇಕು. ಸಾಧ್ಯವಾದರೆ ಮನೆಯವರು ಸರದಿಯಂತೆ ಉಳಿದುಕೊಳ್ಳಿ.

2. ಬಿಸಿ ನೀರು, ಬಿಸಿ ಸಾರು: ದಿನವಿಡೀ ಆಗಾಗ ಬೆಚ್ಚಗಿನ ನೀರು ಕುಡಿಯಿರಿ. ಮೆಣಸಿನ ಸಾರು, ಹುರುಳಿಕಟ್ಟಿನ ಸಾರು, ತೆಳುವಾದ ರಾಗಿ ಗಂಜಿ, ಜೋಳದ ಅಂಬಲಿ ಇವು ಹೊಟ್ಟೆಗೆ ಹಗುರ, ದೇಹಕ್ಕೆ ನೀರನ್ನೂ ಕೊಡುತ್ತವೆ. ಬಿಸಿ ಸಾರಿನ ಹಬೆ ಮತ್ತು ಮೆಣಸಿನ ಖಾರ ಕಟ್ಟಿದ ಮೂಗನ್ನು ಸ್ವಲ್ಪ ಹೊತ್ತು ಸಡಿಲಿಸುತ್ತವೆ. ಬಾಯಿ ರುಚಿ ಇಲ್ಲದಿದ್ದಾಗ ಒಂದೇ ಸಲ ಹೆಚ್ಚು ಉಣ್ಣುವ ಬದಲು ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ತೆಗೆದುಕೊಳ್ಳಿ.

3. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ. ತಲೆ ಹಿಂದಕ್ಕೆ ಬಾಗಿಸಿ ಗಂಟಲಲ್ಲಿ ಗಳಗಳ ಮಾಡಿ ಉಗುಳಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಿದರೆ ಗಂಟಲ ನೋವು, ಕೆರೆತ ತಗ್ಗುತ್ತದೆ. ಈ ನೀರನ್ನು ನುಂಗಬೇಡಿ.

4. ಮೂಗಿಗೆ ಉಪ್ಪುನೀರಿನ ಹನಿ: ಒಂದು ಲೋಟ (ಸುಮಾರು 250 ಮಿ.ಲೀ.) ನೀರನ್ನು ಚೆನ್ನಾಗಿ ಕುದಿಸಿ ಆರಿಸಿ, ಅದಕ್ಕೆ ಕಾಲು ಟೀ ಚಮಚಕ್ಕಿಂತ ತುಸು ಹೆಚ್ಚು ಉಪ್ಪು ಹಾಕಿ ಕರಗಿಸಿ. ಸ್ವಚ್ಛವಾದ ಡ್ರಾಪರ್‌ನಿಂದ ಪ್ರತಿ ಹೊಳ್ಳೆಗೆ ಎರಡು ಮೂರು ಹನಿ ಬಿಡಿ. ಗಟ್ಟಿ ಸಿಂಬಳ ಸಡಿಲವಾಗುತ್ತದೆ. ಈ ನೀರನ್ನು ದಿನಾ ಹೊಸದಾಗಿ ಮಾಡಿಕೊಳ್ಳಿ. ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ಮೂಗಿನ ಹನಿಯೂ ಇದೇ ಕೆಲಸ ಮಾಡುತ್ತದೆ.

ಯೋಗಾಭ್ಯಾಸದಲ್ಲಿ ಜಲನೇತಿ ರೂಢಿಯಿರುವವರು ಮುಂದುವರಿಸಬಹುದು. ಆದರೆ ಕೆರೆ, ಬಾವಿ, ನಲ್ಲಿಯ ಹಸಿ ನೀರನ್ನು ಎಂದೂ ಮೂಗಿಗೆ ಹಾಕಬಾರದು. ಕುದಿಸಿ ಆರಿಸಿದ ನೀರೇ ಆಗಬೇಕು. ಮೂಗಿನ ಮೂಲಕ ಮಿದುಳಿಗೆ ಏರುವ ಅಮೀಬಾ ಸೋಂಕು ಬಹಳ ಅಪರೂಪ, ಆದರೆ ಬಂದರೆ ಪ್ರಾಣಾಂತಿಕ. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಇಂಥ ಪ್ರಕರಣಗಳು ಕಂಡುಬಂದವು.

5. ಕಷಾಯ: ನಾಲ್ಕು ದೊಡ್ಡ ಚಮಚ ಕೊತ್ತಂಬರಿ ಬೀಜ, ಎರಡು ದೊಡ್ಡ ಚಮಚ ಜೀರಿಗೆ, ಒಂದು ಟೀ ಚಮಚ ಕಾಳುಮೆಣಸು, ಒಂದು ಸಣ್ಣ ತುಂಡು ಒಣಶುಂಠಿ. ಇವನ್ನು ಎಣ್ಣೆ ಹಾಕದೆ ಹುರಿದು ಪುಡಿ ಮಾಡಿ ಡಬ್ಬಿಯಲ್ಲಿಡಿ. ಎರಡು ಲೋಟ ನೀರಿಗೆ ಒಂದು ಟೀ ಚಮಚ ಪುಡಿ ಹಾಕಿ, ಒಂದೂವರೆ ಲೋಟ ಆಗುವವರೆಗೆ ಕುದಿಸಿ ಸೋಸಿ. ಬೇಕಾದರೆ ಸ್ವಲ್ಪ ಬೆಲ್ಲ, ಹಾಲು ಸೇರಿಸಿ. ಅರ್ಧದಿಂದ ಮುಕ್ಕಾಲು ಲೋಟದಂತೆ ದಿನಕ್ಕೆ ಎರಡು ಸಲ ಸಾಕು. 2020ರಲ್ಲಿ ಕೊರೊನಾ ಬಂದಾಗ ಹಲವರು ಭಯದಿಂದ ದಿನಕ್ಕೆ ಐದಾರು ಲೋಟ ಖಾರದ ಕಷಾಯ ಕುಡಿದು ಹೊಟ್ಟೆಯುರಿ, ಬಾಯಿಹುಣ್ಣು ತಂದುಕೊಂಡರು. ಹೆಚ್ಚು ಕುಡಿದರೆ ಹೆಚ್ಚು ಗುಣ ಎಂಬುದಿಲ್ಲ.

6. ಶುಂಠಿ, ತುಳಸಿ: ಅರ್ಧ ಅಂಗುಲ ಹಸಿಶುಂಠಿಯನ್ನು ಜಜ್ಜಿ, ಐದಾರು ತುಳಸಿ ಎಲೆಯೊಡನೆ ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ ಸೋಸಿ. ಆರಿದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ ಗುಟುಕರಿಸಿ.

7. ಜೇನುತುಪ್ಪ: ಮಲಗುವ ಮುನ್ನ ಒಂದು ಟೀ ಚಮಚ ಜೇನುತುಪ್ಪವನ್ನು ಹಾಗೆಯೇ ಚೀಪಿ ಅಥವಾ ಬೆಚ್ಚಗಿನ ನೀರಿಗೆ ಹಾಕಿ ಕುಡಿಯಿರಿ. ಅದು ಗಂಟಲಿಗೆ ಪದರದಂತೆ ಅಂಟಿಕೊಂಡು ಕೆರೆತ ತಗ್ಗಿಸುತ್ತದೆ. ರಾತ್ರಿಯ ಕೆಮ್ಮು ಕಡಿಮೆಯಾಗುವುದು ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿಯೂ ಕಂಡಿದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಕೊಡಲೇಬಾರದು. ಕಾರಣ ಮುಂದೆ ಇದೆ.

8. ಅರಿಶಿನದ ಹಾಲು: ಒಂದು ಲೋಟ ಬಿಸಿ ಹಾಲಿಗೆ ಕಾಲು ಟೀ ಚಮಚ ಶುದ್ಧ ಅರಿಶಿನ ಪುಡಿ, ಒಂದು ಚಿಟಿಕೆ ಮೆಣಸಿನ ಪುಡಿ ಹಾಕಿ ರಾತ್ರಿ ಕುಡಿಯಬಹುದು. "ಹಾಲು ಕಫ ಹೆಚ್ಚಿಸುತ್ತದೆ" ಎಂಬ ಅಳುಕಿದ್ದವರು ನೀರಿನಲ್ಲೇ ಮಾಡಿಕೊಳ್ಳಲಿ. ಬಣ್ಣ ಬೆರೆಸಿದ ಅಗ್ಗದ ಪುಡಿಗಿಂತ ಮನೆಯಲ್ಲಿ ಕುಟ್ಟಿದ ಅರಿಶಿನ ಕೊಂಬು ಒಳ್ಳೆಯದು.

9. ದೊಡ್ಡಪತ್ರೆ: ನಮ್ಮ ಹಿತ್ತಲಲ್ಲಿ ಬೆಳೆಯುವ ಈ ಎಲೆ ಕೆಲವರಿಗೆ ಸಾಂಬಾರ ಸೊಪ್ಪೆಂದು ಪರಿಚಿತ. ನಾಲ್ಕು ಎಲೆಗಳನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ತೆಂಗಿನ ತುರಿಯೊಡನೆ ರುಬ್ಬಿ ತಂಬುಳಿ ಮಾಡಿ ಅನ್ನಕ್ಕೆ ಕಲಸಿಕೊಳ್ಳಿ. ಬಾಯಿಗೆ ರುಚಿ ಬರುತ್ತದೆ.

10. ಹಬೆ: ಹಬೆಯಿಂದ ನೆಗಡಿ ಬೇಗ ವಾಸಿಯಾಗುವುದಿಲ್ಲ, ಆದರೆ ಹಲವರಿಗೆ ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಬಿಸಿನೀರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಅಲುಗಾಡದ ಮೇಜಿನ ಮೇಲಿಟ್ಟು, ಒಂದು ಮೊಳ ದೂರದಿಂದ ಐದು ನಿಮಿಷ ಉಸಿರೆಳೆದುಕೊಳ್ಳಿ. ಉರಿಯುವ ಒಲೆಯ ಮುಂದೆ, ಕುಕ್ಕರ್‌ನ ಕೊಳವೆಯಿಂದ, ತೊಡೆಯ ಮೇಲೆ ಪಾತ್ರೆ ಇಟ್ಟುಕೊಂಡು ಹಬೆ ಹಿಡಿಯಬೇಡಿ. ಪಾತ್ರೆ ಉರುಳಿ ತೊಡೆ, ಹೊಟ್ಟೆ ಬೆಂದು ಆಸ್ಪತ್ರೆ ಸೇರುವವರಿದ್ದಾರೆ. ಮಕ್ಕಳಿಗೆ ಹಬೆ ಬೇಡ.

ಕೂಸುಗಳು ಮತ್ತು ಚಿಕ್ಕ ಮಕ್ಕಳು

ತಾಯಂದಿರೇ, ಅಜ್ಜಿಯಂದಿರೇ, ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಮಾಡಬೇಕಾದದ್ದು:

• ಎದೆಹಾಲು ನಿಲ್ಲಿಸಬೇಡಿ. ಮೂಗು ಕಟ್ಟಿದ ಕೂಸು ಒಂದೇ ಸಲ ಹೆಚ್ಚು ಕುಡಿಯಲಾರದು. ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಕುಡಿಸಿ. ತಾಯಿಗೆ ನೆಗಡಿಯಾಗಿದ್ದರೂ ಹಾಲು ಕೊಡಬಹುದು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈ ತೊಳೆದು ಕುಡಿಸಿದರೆ ಸಾಕು.

• ಹಾಲು ಕುಡಿಸುವ ಮುನ್ನ ಪ್ರತಿ ಹೊಳ್ಳೆಗೆ ಒಂದೆರಡು ಹನಿ ಸಲೈನ್ ಬಿಟ್ಟು, ಮೆತ್ತನೆಯ ಬಟ್ಟೆಯ ತುದಿಯಿಂದ ಸಿಂಬಳ ತೆಗೆಯಿರಿ. ಕೂಸುಗಳಿಗೆ ಔಷಧಿ ಅಂಗಡಿಯ ಸಲೈನ್ ಹನಿಯೇ ಒಳ್ಳೆಯದು.

• ಒಂದು ವರ್ಷ ದಾಟಿದ ಮಗುವಿಗೆ ರಾತ್ರಿ ಅರ್ಧ ಟೀ ಚಮಚ ಜೇನುತುಪ್ಪ ಕೊಡಬಹುದು.

• ಜ್ವರವಿದ್ದರೆ ವೈದ್ಯರು ಮಗುವಿನ ತೂಕ ನೋಡಿ ಬರೆದಷ್ಟೇ ಪ್ಯಾರಾಸಿಟಮಾಲ್ ಕೊಡಿ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು.

ಮಾಡಬಾರದ್ದು:

• ಒಂದು ವರ್ಷದೊಳಗಿನ ಕೂಸಿನ ನಾಲಿಗೆಗೆ ಜೇನು ಮುಟ್ಟಿಸಬೇಡಿ. ಜೇನಿನಲ್ಲಿ ಒಮ್ಮೊಮ್ಮೆ ಇರುವ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಕೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ. ಕೂಸಿನ ಸ್ನಾಯುಗಳು ಸೋತು, ಉಸಿರಾಟವೇ ನಿಲ್ಲಬಹುದು. ಬಜೆ ತೇದು ಜೇನಿನಲ್ಲಿ ನೆಕ್ಕಿಸುವ ರೂಢಿಯನ್ನೂ ಬಿಡಿ.

• ಮೂಗಿಗೆ, ಕಿವಿಗೆ ಕೊಬ್ಬರಿ ಎಣ್ಣೆ, ಹರಳೆಣ್ಣೆ, ತುಪ್ಪ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಒಂದು ಬಗೆಯ ನ್ಯುಮೋನಿಯಾ ತರುತ್ತದೆ.

• ಕರ್ಪೂರ ಬಾಯಿಗೆ ಹೋದರೆ ವಿಷ. ಮಕ್ಕಳಲ್ಲಿ ಅದು ಫಿಟ್ಸ್ ತರಿಸುತ್ತದೆ. ಕರ್ಪೂರ ಬೆರೆತ ಎಣ್ಣೆ, ನೋವಿನ ಬಾಮ್‌ಗಳನ್ನು ಎರಡು ವರ್ಷದೊಳಗಿನ ಮಕ್ಕಳ ಎದೆ, ಮೂಗಿಗೆ ಹಚ್ಚಬೇಡಿ.

• ಎಣ್ಣೆನೀರು ಹಾಕಿದ ಮೇಲೆ ಸಾಂಬ್ರಾಣಿ, ಕೆಂಡದ ಹೊಗೆ ಹಿಡಿಯಬೇಡಿ. ಹೊಗೆ ಕೂಸಿನ ಶ್ವಾಸಕೋಶಕ್ಕೆ ನಂಜು. ಮನೆಯಲ್ಲಿ ಬೀಡಿ ಸಿಗರೇಟ್ ಸೇದುವುದನ್ನೂ ನಿಲ್ಲಿಸಿ.

• ಓಂಕಾಳನ್ನು ಬಟ್ಟೆಯಲ್ಲಿ ಕಟ್ಟಿ ಹೆಂಚಿನ ಮೇಲೆ ಬಿಸಿ ಮಾಡಿ ಕೂಸಿನ ಎದೆಗೆ ಒತ್ತುವುದರಿಂದ ಚರ್ಮ ಸುಡುತ್ತದೆ.

• ಮಗು ಏದುಸಿರು ಬಿಡುತ್ತಿದೆ ಎಂದು ಹೊಟ್ಟೆಗೆ ಬರೆ ಹಾಕಿಸುವ ಪದ್ಧತಿ ಕೆಲವು ಹಳ್ಳಿಗಳಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಆ ಏದುಸಿರು ನ್ಯುಮೋನಿಯಾದ ಲಕ್ಷಣವಾಗಿರಬಹುದು. ಬರೆಯಿಂದ ರೋಗ ಹೋಗುವುದಿಲ್ಲ. ಸುಟ್ಟ ಗಾಯ ಮತ್ತು ಕಳೆದುಹೋದ ಸಮಯ ಎರಡೂ ಸೇರಿ ಮಗುವಿನ ಪ್ರಾಣಕ್ಕೆ ಎರವಾಗುತ್ತವೆ. ಹಿರಿಯರು ಹೇಳಿದರೂ ಗೌರವದಿಂದಲೇ ಬೇಡವೆನ್ನಿ, ಮಗುವನ್ನು ನೇರವಾಗಿ ಆಸ್ಪತ್ರೆಗೆ ತನ್ನಿ.

• ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಕುಡಿಸಬೇಡಿ. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ ಕುಡಿದ ಹಲವು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆ ಸೂಚನೆ ಹೊರಡಿಸಿ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಬರೆದುಕೊಡಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅದು ಬೇಡ ಎಂದು ತಿಳಿಸಿತು. ಹೆಚ್ಚಿನ ಮಕ್ಕಳ ಕೆಮ್ಮು ಔಷಧಿಯಿಲ್ಲದೆಯೇ ವಾಸಿಯಾಗುತ್ತದೆ.

ಮಗುವಿನ ಉಸಿರು ಎಣಿಸಲು ಕಲಿಯಿರಿ

ಲೋಕದಲ್ಲಿ ಐದು ವರ್ಷದೊಳಗಿನ ಮಕ್ಕಳನ್ನು ಬಲಿ ತೆಗೆದುಕೊಳ್ಳುವ ಸೋಂಕು ರೋಗಗಳಲ್ಲಿ ನ್ಯುಮೋನಿಯಾ ಎಲ್ಲಕ್ಕಿಂತ ಮುಂದಿದೆ. ಅದು ಹಲವು ಸಲ ನೆಗಡಿ ಕೆಮ್ಮಿನ ರೂಪದಲ್ಲೇ ಶುರುವಾಗುತ್ತದೆ. ಅದನ್ನು ಬೇಗ ಗುರುತಿಸಲು ಯಂತ್ರ ಬೇಡ, ಗಡಿಯಾರ ಸಾಕು.

ಮಗು ಅಳದೆ ಸುಮ್ಮನಿರುವಾಗ ಅಥವಾ ಮಲಗಿರುವಾಗ ಅಂಗಿ ಮೇಲೆತ್ತಿ. ಹೊಟ್ಟೆ ಅಥವಾ ಎದೆ ಒಂದು ಸಲ ಏರಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ.

• ಎರಡು ತಿಂಗಳೊಳಗಿನ ಕೂಸು: ನಿಮಿಷಕ್ಕೆ 60 ಅಥವಾ ಹೆಚ್ಚು
• ಎರಡು ತಿಂಗಳಿಂದ ಒಂದು ವರ್ಷದೊಳಗೆ: 50 ಅಥವಾ ಹೆಚ್ಚು
• ಒಂದರಿಂದ ಐದು ವರ್ಷದೊಳಗೆ: 40 ಅಥವಾ ಹೆಚ್ಚು

ಹೀಗಿದ್ದರೆ ಉಸಿರಾಟ ವೇಗವಾಗಿದೆ ಎಂದರ್ಥ. ಎಣಿಕೆಯಲ್ಲಿ ಸಂಶಯವಿದ್ದರೆ ಇನ್ನೊಮ್ಮೆ ಎಣಿಸಿ. ವೇಗವಾಗಿಯೇ ಇದ್ದರೆ ಅದೇ ದಿನ ಮಗುವನ್ನು ವೈದ್ಯರಿಗೆ ತೋರಿಸಿ. ಮಗು ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ನೀರು ಕುಡಿಯಲಾರದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಅಮಾವಾಸ್ಯೆ, ಮಂಗಳವಾರ ಎಂದು ನೋಡಬೇಡಿ. 108ಕ್ಕೆ ಕರೆ ಮಾಡಿ ಕೂಡಲೇ ಹೊರಡಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಅಥವಾ ಮೈ ತಣ್ಣಗಾದರೆ, ಬೇರೆ ಲಕ್ಷಣಗಳಿಲ್ಲದಿದ್ದರೂ ಕೂಡಲೇ ತೋರಿಸಬೇಕು.

ಬೇರೆ ಕಾಯಿಲೆ ಇದ್ದವರಿಗೆ ಸೂಚನೆ

ಸಕ್ಕರೆ ಕಾಯಿಲೆ: ಕಷಾಯಕ್ಕೆ ಬೆಲ್ಲ, ಜೇನು ಬೇಡ. ಸಿಹಿ ಸಿರಪ್‌ಗಳಲ್ಲೂ ಸಕ್ಕರೆ ಇರುತ್ತದೆ. ಸೋಂಕಿದ್ದಾಗ ರಕ್ತದ ಸಕ್ಕರೆ ಏರಬಹುದು. ಊಟ ಕಡಿಮೆಯಾಯಿತೆಂದು ಇನ್ಸುಲಿನ್ ತಾವಾಗಿ ನಿಲ್ಲಿಸದೆ, ಸಕ್ಕರೆ ಪರೀಕ್ಷಿಸಿ ವೈದ್ಯರನ್ನು ಕೇಳಿ.

ಬಿ.ಪಿ., ಹೃದಯದ ಕಾಯಿಲೆ: ಅತಿಮಧುರ (ಜ್ಯೇಷ್ಠಮಧು) ಹೆಚ್ಚು ಬಳಸಿದರೆ ಬಿ.ಪಿ. ಏರುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಮೂಗು ಬಿಡಿಸುವ ಕೆಲವು ನೆಗಡಿ ಮಾತ್ರೆಗಳಿಂದಲೂ ಬಿ.ಪಿ. ಏರಬಹುದು. ಎರಡನ್ನೂ ಕೇಳದೆ ಬಳಸಬೇಡಿ.

ಮೂತ್ರಪಿಂಡದ ಕಾಯಿಲೆ, ಡಯಾಲಿಸಿಸ್: ನಿಮಗೆ ವೈದ್ಯರು ದಿನಕ್ಕೆ ಇಂತಿಷ್ಟೇ ನೀರು ಎಂದು ಹೇಳಿದ್ದರೆ ಕಷಾಯ, ಸಾರು, ಗಂಜಿ ಎಲ್ಲವೂ ಆ ಲೆಕ್ಕದೊಳಗೆ ಬರಬೇಕು. "ನೆಗಡಿಗೆ ಹೆಚ್ಚು ನೀರು ಕುಡಿಯಿರಿ" ಎಂಬ ಮಾತು ನಿಮಗೆ ಅನ್ವಯಿಸುವುದಿಲ್ಲ. ನಾರುಬೇರಿನ ಪುಡಿಗಳನ್ನು ಕೇಳದೆ ಸೇವಿಸಬೇಡಿ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು: ಅಡುಗೆಯಲ್ಲಿ ಬಳಸುವಷ್ಟು ಶುಂಠಿ, ಅರಿಶಿನ, ಬೆಳ್ಳುಳ್ಳಿ ಸರಿ. ಮದ್ದಿನಂತೆ ಹೆಚ್ಚು ಪ್ರಮಾಣದಲ್ಲಿ ಬೇಡ.

ಗರ್ಭಿಣಿಯರು: ಬಿಸಿ ಸಾರು, ಉಪ್ಪುನೀರು, ಜೇನು ಬಳಸಬಹುದು. ಅತಿಮಧುರ ಬೇಡ. ಯಾವುದೇ ಮಾತ್ರೆ, ಚೂರ್ಣ ಕೇಳದೆ ಬೇಡ.

ಶಸ್ತ್ರಚಿಕಿತ್ಸೆಯಾದವರು: ಹೊಟ್ಟೆಯ ಆಪರೇಷನ್, ಸಿಸೇರಿಯನ್, ಹರ್ನಿಯಾ ಆಪರೇಷನ್ ಆದವರು ಕೆಮ್ಮುವಾಗ, ಸೀನುವಾಗ ಹೊಲಿಗೆಯ ಮೇಲೆ ದಿಂಬನ್ನು ಒತ್ತಿ ಹಿಡಿದುಕೊಳ್ಳಿ. ಕಣ್ಣಿನ ಪೊರೆಯ ಆಪರೇಷನ್ ಆದವರು ಹಬೆ ಹಿಡಿಯಬೇಡಿ, ಜೋರಾಗಿ ಮೂಗು ಸೀಟಬೇಡಿ. ಆಪರೇಷನ್ನಿಗೆ ಇನ್ನೂ ದಿನ ಗೊತ್ತಾಗಿದ್ದು, ಅಷ್ಟರಲ್ಲಿ ನೆಗಡಿ ಬಂದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಅರಿವಳಿಕೆ ಕೊಡುವಾಗ ಅದು ಮುಖ್ಯ. ದಿನ ಮುಂದಕ್ಕೆ ಹೋದರೂ ಅದು ನಿಮ್ಮ ಒಳಿತಿಗೇ.

ಔಷಧಿ ಅಂಗಡಿಯ ಮುಂದೆ

"ನೆಗಡಿಗೆ ಎರಡು ದಿನದ ಮಾತ್ರೆ ಕೊಡಿ" ಎಂದು ಕೇಳಿ ತರುವ ಮಾತ್ರೆಗಳ ಪೊಟ್ಟಣದಲ್ಲಿ ಒಮ್ಮೊಮ್ಮೆ ಆಂಟಿಬಯೋಟಿಕ್, ಸ್ಟಿರಾಯ್ಡ್ ಸಹ ಇರುತ್ತವೆ. ಹೆಸರಿಲ್ಲದ, ಕತ್ತರಿಸಿದ ಮಾತ್ರೆ ನುಂಗಬೇಡಿ. ಹಲವು ನೆಗಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಅದರ ಜೊತೆ ಜ್ವರಕ್ಕೆಂದು ಮತ್ತೆ ಪ್ಯಾರಾಸಿಟಮಾಲ್ ನುಂಗಿದರೆ ಪ್ರಮಾಣ ಮೀರಿ ಯಕೃತ್ತಿಗೆ ತೊಂದರೆಯಾಗುತ್ತದೆ. ನೆಗಡಿ ಮಾತ್ರೆ ನಿದ್ದೆ ತರಿಸುವುದರಿಂದ ಅದನ್ನು ನುಂಗಿ ಬೈಕ್, ಟ್ರ್ಯಾಕ್ಟರ್ ಓಡಿಸಬೇಡಿ. ಮೂಗು ಬಿಡಿಸುವ ಔಷಧಿ ಹನಿಗಳನ್ನು (ಸಲೈನ್ ಅಲ್ಲ) ಐದು ದಿನ ಮೀರಿ ಬಳಸಿದರೆ ಮೂಗು ಇನ್ನಷ್ಟು ಕಟ್ಟುತ್ತದೆ. ಕಳೆದ ಸಲ ಉಳಿದ ಆಂಟಿಬಯೋಟಿಕ್ ಅನ್ನು ಮನೆಯ ಇನ್ನೊಬ್ಬರಿಗೆ ಕೊಡಬೇಡಿ.

ದೊಡ್ಡವರು ಯಾವಾಗ ಆಸ್ಪತ್ರೆಗೆ ಬರಬೇಕು?

• ಮೂರು ದಿನ ಮೀರಿ ಜ್ವರ ಬಿಡದಿದ್ದರೆ, ಅಥವಾ 102 ಡಿಗ್ರಿ ಮೀರಿದ ಜ್ವರ, ವಿಪರೀತ ಮೈಕೈ ನೋವು ಇದ್ದರೆ
• ವಾಸಿಯಾಗುತ್ತಾ ಬಂದ ನೆಗಡಿ ಮತ್ತೆ ಕೆರಳಿ ಜ್ವರ ಬಂದರೆ
• ಉಸಿರಾಡಲು ಕಷ್ಟ, ಎದೆನೋವು, ಉಬ್ಬಸ ಇದ್ದರೆ
• ಕಫದಲ್ಲಿ ರಕ್ತ ಕಂಡರೆ
• ಕಿವಿ ಸೋರಿದರೆ, ಕೆನ್ನೆ ಹಣೆಯ ಒಂದು ಕಡೆ ಬಹಳ ನೋವಿದ್ದರೆ
• ವಯಸ್ಸಾದವರು ಇದ್ದಕ್ಕಿದ್ದಂತೆ ಮಂಕಾಗಿ, ಮಾತು ಗೊಂದಲವಾದರೆ
• ಕೆಮ್ಮು ಎರಡು ವಾರ ದಾಟಿದರೆ

ಕೊನೆಯದನ್ನು ವಿಶೇಷವಾಗಿ ಗಮನಿಸಿ. ಎರಡು ವಾರ ದಾಟಿದ ಕೆಮ್ಮನ್ನು ಕಷಾಯದಲ್ಲೇ ಕಳೆಯಬೇಡಿ. ಅದು ಕ್ಷಯ ಇರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯಕ್ಕೆ ಕಫ ಪರೀಕ್ಷೆಯೂ ಔಷಧಿಯೂ ಉಚಿತ. ಬೇಗ ತಿಳಿದು, ಪೂರ್ತಿ ಅವಧಿಯ ಔಷಧಿ ತೆಗೆದುಕೊಂಡರೆ ಕ್ಷಯ ಗುಣವಾಗುತ್ತದೆ. ತಡವಾದಷ್ಟೂ ಮನೆಮಂದಿಗೆ ಹರಡುತ್ತದೆ.

ರೋಗಿಯ ಜೊತೆಗಿರುವ ಬಂಧುಗಳಲ್ಲಿ ವಿನಂತಿ

ನಿಮಗೆ ಸಾಮಾನ್ಯವೆನಿಸುವ ನೆಗಡಿ, ಪಕ್ಕದ ಹಾಸಿಗೆಯ ಅಸ್ತಮಾ ರೋಗಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ನಿನ್ನೆ ಹುಟ್ಟಿದ ಕೂಸಿಗೆ ಗಂಡಾಂತರವಾಗಬಹುದು. ಆದ್ದರಿಂದ:

1. ನೆಗಡಿ, ಜ್ವರ ಇದ್ದರೆ ವಾರ್ಡಿಗೆ ಬರಬೇಡಿ. ನಿಮ್ಮ ಬದಲು ಮನೆಯ ಇನ್ನೊಬ್ಬರನ್ನು ಕಳುಹಿಸಿ. ಬರಲೇಬೇಕಾದರೆ ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಧರಿಸಿ.
2. ಬಾಣಂತಿ, ಮಗು ನೋಡಲು ಬಂದವರು ಕೂಸನ್ನು ಎತ್ತಿ ಮುದ್ದಿಡಬೇಡಿ. ದೂರದಿಂದ ನೋಡಿ ಹರಸಿದರೆ ಸಾಕು.
3. ಕೆಮ್ಮುವಾಗ ಅಂಗೈ ಬದಲು ಮೊಳಕೈ ಅಡ್ಡ ಹಿಡಿಯಿರಿ, ಅಥವಾ ಕರವಸ್ತ್ರ ಬಳಸಿ. ಗೋಡೆ, ಮೆಟ್ಟಿಲು, ಕಾರಿಡಾರಿನಲ್ಲಿ ಉಗುಳಬೇಡಿ.
4. ರೋಗಿಯನ್ನು ಮುಟ್ಟುವ ಮುನ್ನ, ಊಟ ಮಾಡಿಸುವ ಮುನ್ನ, ಮೂಗು ಒರೆಸಿದ ಮೇಲೆ ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಕೈ ತೊಳೆಯಿರಿ.
5. ಮನೆಯಿಂದ ತಂದ ಕಷಾಯ, ಚೂರ್ಣ, ಲೇಹ್ಯವನ್ನು ವಾರ್ಡಿನ ಸಿಸ್ಟರ್ ಅವರನ್ನು ಕೇಳದೆ ರೋಗಿಗೆ ಕೊಡಬೇಡಿ. ಪ್ರೀತಿಯಿಂದ ತಂದದ್ದೇ ಆದರೂ ಆ ದಿನದ ಔಷಧಿಗೆ ಅದು ಹೊಂದದಿರಬಹುದು. ಅಂದು ಉಪವಾಸವಿರಬೇಕಾದ ರೋಗಿಯೂ ಇರಬಹುದು.
6. ಒಂದೇ ಲೋಟ, ಟವೆಲ್ ಹಂಚಿಕೊಳ್ಳಬೇಡಿ.

ನೆನಪಿಡಿ

ನೆಗಡಿಗೆ ಬೇಕಾದದ್ದು ವಿಶ್ರಾಂತಿ, ಬಿಸಿ ಆಹಾರ, ಉಪ್ಪುನೀರು ಮತ್ತು ಒಂದು ವಾರದ ತಾಳ್ಮೆ. ಮನೆಮದ್ದನ್ನು ಹಿತಮಿತವಾಗಿ ಬಳಸಿ. ಒಂದು ವರ್ಷದೊಳಗೆ ಜೇನು ಬೇಡ, ಮೂಗಿಗೆ ಎಣ್ಣೆ ಬೇಡ, ಮಕ್ಕಳಿಗೆ ಹಬೆ ಬೇಡ, ಕೇಳದೆ ಸಿರಪ್ ಬೇಡ. ಮಗುವಿನ ಉಸಿರು ಎಣಿಸಿ. ಎರಡು ವಾರದ ಕೆಮ್ಮಿಗೆ ಪರೀಕ್ಷೆ ಮಾಡಿಸಿ. ಸಂಶಯ ಬಂದರೆ ವೈದ್ಯರನ್ನೋ, ದಾದಿಯರನ್ನೋ, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಈ ಹಾಳೆಯನ್ನು ಓದಿ ಎಸೆಯದೆ ಮನೆಗೆ ಒಯ್ಯಿರಿ. ಚಿಕ್ಕ ಮಕ್ಕಳಿರುವ ನೆರೆಮನೆಯವರಿಗೂ ತೋರಿಸಿ. ನೀವು ಮತ್ತು ನಿಮ್ಮವರು ಬೇಗ ಗುಣಮುಖರಾಗಲಿ ಎಂದು ಹಾರೈಸುತ್ತೇವೆ.